ಹೊತ್ತು ಮುಳುಗುವಾಗ ಏಳುವ ಗಲಿಬಿಲಿ: ಡಿಮೆನ್ಷಿಯಾ ಇರುವ ಹಿರಿಯರ ಸಂಜೆಯನ್ನು ಸಂಭಾಳಿಸುವ ಬಗೆ

ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿರುತ್ತದೆ. ತಿಂಡಿ ತಿಂದಿರುತ್ತಾರೆ, ಮೊಮ್ಮಗಳನ್ನು ಹೆಸರು ಹಿಡಿದು ಕರೆದಿರುತ್ತಾರೆ, ಊಟ ಮಾಡಿ ಒಂದು ನಿದ್ದೆ ತೆಗೆದಿರುತ್ತಾರೆ. ಐದೂವರೆ ಆಗುತ್ತಿದ್ದಂತೆ ಕುರ್ಚಿಯಿಂದ ಏಳುತ್ತಾರೆ, ಕೂರುತ್ತಾರೆ, ಮತ್ತೆ ಏಳುತ್ತಾರೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾರೆ, ಬಿಚ್ಚುತ್ತಾರೆ. ಆರು ಗಂಟೆಗೆ ಎರಡು ಸೀರೆ, ಒಂದು ಟವೆಲ್ ತುರುಕಿದ ಚೀಲ ಹಿಡಿದು ಬಾಗಿಲ ಹತ್ತಿರ ನಿಂತು, "ಕತ್ತಲಾಯ್ತು, ನಾನು ಮನೆಗೆ ಹೋಗಬೇಕು" ಅನ್ನುತ್ತಾರೆ. ಇದೇ ನಿಮ್ಮ ಮನೆ ಅಂದರೆ ಸಿಟ್ಟು. ಕೈ ಹಿಡಿದರೆ ಕೂಗಾಟ.

ವೈದ್ಯರು ಇದಕ್ಕೆ ಸನ್‌ಡೌನಿಂಗ್ ಎನ್ನುತ್ತಾರೆ. ಇದು ಬೇರೆಯೇ ಒಂದು ಕಾಯಿಲೆಯಲ್ಲ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಇರುವ ಹಲವರಲ್ಲಿ ಸಂಜೆ ಹೊತ್ತು ಕಾಣಿಸಿಕೊಳ್ಳುವ ದಿಗಿಲು, ಚಡಪಡಿಕೆ, ಅನುಮಾನ, ಸಿಟ್ಟು, ಅಳು ಎಲ್ಲ ಸೇರಿದ ಸ್ಥಿತಿ. ಭಾರತದಲ್ಲಿ 60 ದಾಟಿದವರಲ್ಲಿ ಶೇ. 7.4ರಷ್ಟು ಮಂದಿಗೆ, ಸುಮಾರು 88 ಲಕ್ಷ ಜನರಿಗೆ, ಡಿಮೆನ್ಷಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜು ಮಾಡಿತು. ಹಾಗಿದ್ದೂ ಮನೆಗಳಲ್ಲಿ ಇದಕ್ಕೆ ಸಿಗುವ ಹೆಸರು ಅರಳುಮರಳು, ಹಠ, ನಾಟಕ. ಕೆಲವು ಕಡೆ ಮುಸ್ಸಂಜೆಯಲ್ಲಿ ಗಾಳಿ ಸೋಕಿದೆ ಎಂದು ನಿಂಬೆಹಣ್ಣು ಇಳಿ ತೆಗೆಯುವುದೂ ಉಂಟು. ಅವರು ಬೇಕೆಂದು ಹೀಗೆ ಮಾಡುತ್ತಿಲ್ಲ ಎಂಬುದನ್ನು ಮನೆಯವರೆಲ್ಲ ಒಪ್ಪುವವರೆಗೆ ಕೆಳಗಿನ ಯಾವ ಉಪಾಯವೂ ಫಲ ಕೊಡುವುದಿಲ್ಲ.

ಇನ್ನೊಂದು ಮಾತು ಮೊದಲೇ ತಿಳಿದಿರಲಿ. ಸಂಜೆಯ ಗಲಾಟೆಯನ್ನು ಸಂಜೆ ಆರಕ್ಕೆ ಸರಿಪಡಿಸಲು ಹೊರಟರೆ ತಡವಾಗಿರುತ್ತದೆ. ಕೆಲಸ ಶುರುವಾಗಬೇಕಾದ್ದು ಬೆಳಿಗ್ಗೆ ಏಳಕ್ಕೆ.

ಸಂಜೆಯೇ ಏಕೆ?

ಮೆದುಳಿನ ಆಳದಲ್ಲಿ, ಹೈಪೋಥಲಾಮಸ್ ಎಂಬ ಭಾಗದಲ್ಲಿ, ಹಗಲು ರಾತ್ರಿಯ ಲೆಕ್ಕ ಇಡುವ ನರಕೋಶಗಳ ಪುಟ್ಟ ಗುಂಪೊಂದಿದೆ. ದೇಹದ ಗಡಿಯಾರ ಅದೇ. ಕಣ್ಣಿಗೆ ಬೀಳುವ ಬೆಳಕು ದಿನಾ ಅದಕ್ಕೆ ಕೀ ಕೊಡುತ್ತದೆ. ಡಿಮೆನ್ಷಿಯಾದ ಅತಿ ಸಾಮಾನ್ಯ ಬಗೆಯಾದ ಆಲ್‌ಝೈಮರ್ಸ್‌ನಲ್ಲಿ ಈ ಕೋಶಗಳೂ ಸವೆಯುತ್ತವೆ, ರಾತ್ರಿಯಾಯಿತೆಂದು ದೇಹಕ್ಕೆ ಸೂಚನೆ ಕೊಡುವ ಮೆಲಟೋನಿನ್ ಎಂಬ ಹಾರ್ಮೋನು ಕಡಿಮೆಯಾಗುತ್ತದೆ. ಗಡಿಯಾರ ಮೊದಲೇ ಸೊರಗಿರುವಾಗ ಕೀ ಕೊಡುವ ಬೆಳಕೂ ಸಾಲದೆ ಹೋಗುತ್ತದೆ: 60 ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು 20ರ ಹರೆಯದವರಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು. ಕಣ್ಣಿಗೆ ಪೊರೆ ಬಂದಿದ್ದರೆ ಇನ್ನೂ ಕಡಿಮೆ. ನಿಮಗೆ 'ಇನ್ನೂ ಬೆಳಕಿದೆ' ಅನ್ನಿಸುವ ಹೊತ್ತಿಗೆ ಅವರ ಪಾಲಿಗೆ ಕೋಣೆ ಮಬ್ಬಾಗಿ, ಮೂಲೆಯ ಕೊಡೆ ಮನುಷ್ಯನಾಗಿ, ಕಪ್ಪು ಕಾಲೊರಸು ಗುಂಡಿಯಾಗಿ ಕಾಣತೊಡಗಿರುತ್ತದೆ.

ದಣಿವೂ ಇದೆ. ಗುಂಡಿ ಹಾಕಿಕೊಳ್ಳುವುದು, ತಟ್ಟೆಯಲ್ಲಿರುವುದು ಚಟ್ನಿಯೋ ಉಪ್ಪಿನಕಾಯಿಯೋ ಎಂದು ಗುರುತಿಸುವುದು, ಎದುರಿಗೆ ನಿಂತವರು ಯಾರೆಂದು ನೆನಪು ಮಾಡಿಕೊಳ್ಳುವುದು, ಎಲ್ಲಕ್ಕೂ ಅವರ ಮೆದುಳು ದಿನವಿಡೀ ಒದ್ದಾಡಿದೆ. ಸರಿಯಾಗಿ ಅದು ಸೋತು ಸುಣ್ಣವಾದ ಹೊತ್ತಿಗೇ ಮನೆಯಲ್ಲಿ ಕುಕ್ಕರ್ ಕೂಗುತ್ತದೆ, ಮಿಕ್ಸಿ ಓಡುತ್ತದೆ, ಟಿವಿ ಶುರುವಾಗುತ್ತದೆ, ಮಕ್ಕಳು ಬರುತ್ತಾರೆ, ಕರೆಗಂಟೆ ಬಾರಿಸುತ್ತದೆ.

ಮತ್ತೆ, ಮುಸ್ಸಂಜೆ ನಮ್ಮ ಕಡೆ ಸುಮ್ಮನೆ ಕೂರುವ ಹೊತ್ತಲ್ಲ. ದನ ಕೊಟ್ಟಿಗೆಗೆ ಬರುವ ಹೊತ್ತು, ಡೈರಿಗೆ ಹಾಲು ಹಾಕುವ ಹೊತ್ತು, ಬಾಗಿಲಿಗೆ ನೀರು ಹಾಕಿ ದೀಪ ಹಚ್ಚುವ ಹೊತ್ತು, ಆಫೀಸಿನಿಂದ ಬಸ್ಸು ಹಿಡಿದು ಮನೆ ಸೇರುವ ಹೊತ್ತು. ಐವತ್ತು ವರ್ಷ ಆ ಗಳಿಗೆಗೆ ಎದ್ದು ಓಡಾಡಿದ ಕೈಕಾಲು ಈಗಲೂ ಏಳುತ್ತದೆ. ಏನು ಮಾಡಬೇಕಿತ್ತು ಎಂಬುದು ಮಾತ್ರ ನೆನಪಿಗೆ ಬರುವುದಿಲ್ಲ. ಮಾಡಬೇಕಾದ್ದು ಏನೋ ಉಳಿದುಹೋಗಿದೆ ಎಂಬ ಆ ಸಂಕಟವೇ ಬಹಳಷ್ಟು ಸಲ 'ಮನೆಗೆ ಹೋಗಬೇಕು' ಎಂಬ ಮಾತಾಗಿ ಹೊರಬರುತ್ತದೆ.

ಹಂತ 1: ಮೊದಲು 'ಸನ್ನಿ' ಅಲ್ಲವೆಂದು ಖಚಿತಪಡಿಸಿಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಸಂಜೆಯ ಗಲಿಬಿಲಿ ವಾರಗಳು, ತಿಂಗಳುಗಳಲ್ಲಿ ನಿಧಾನವಾಗಿ ಬೆಳೆದು ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ, ಬೆಳಿಗ್ಗೆ ತಿಳಿಯಾಗುತ್ತದೆ. ಎರಡೇ ದಿನದಲ್ಲಿ ದಿಢೀರನೆ ಹೆಚ್ಚಾದರೆ, ಹಗಲಿನಲ್ಲೂ ಇದ್ದರೆ, ಒಂದು ಗಳಿಗೆ ಮಂಪರು ಮತ್ತೊಂದು ಗಳಿಗೆ ಬಡಬಡಿಕೆ ಎಂದು ಬದಲಾಗುತ್ತಿದ್ದರೆ ಅದು ಡೆಲಿರಿಯಂ ಇರಬಹುದು. ಹಳಬರು ಸನ್ನಿ ಎನ್ನುತ್ತಿದ್ದುದು ಇದನ್ನೇ. ಇದರ ಹಿಂದೆ ಒಂದು ದೈಹಿಕ ಕಾರಣ ಇರುತ್ತದೆ, ಅದಕ್ಕೆ ಅವತ್ತೇ ಚಿಕಿತ್ಸೆ ಬೇಕು.

ಹೆಚ್ಚಾಗಿ ಸಿಗುವ ಕಾರಣಗಳು ಇವು. ಮೂತ್ರದ ಸೋಂಕು: ವಯಸ್ಸಾದವರಲ್ಲಿ ಜ್ವರ, ಉರಿ ಯಾವುದೂ ಇಲ್ಲದೆ ಬರೀ ಗಲಿಬಿಲಿಯಾಗಿಯೇ ಕಾಣಿಸಿಕೊಳ್ಳಬಹುದು. ಮೂರು ದಿನದಿಂದ ಮಲ ಹೋಗಿಲ್ಲದಿರುವುದು. ಮೂತ್ರ ಕಟ್ಟಿಕೊಂಡಿರುವುದು, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರಲ್ಲಿ ಮುಖ್ಯವಾಗಿ. ಎದೆಯ ಸೋಂಕು. ರಕ್ತದಲ್ಲಿ ಸೋಡಿಯಂ ಇಳಿದಿರುವುದು: ಬಿಪಿಗೆ ಥಯಜೈಡ್ ಜಾತಿಯ ನೀರಿಳಿಸುವ ಮಾತ್ರೆ ನುಂಗುವವರಲ್ಲಿ ಇದು ಸಾಮಾನ್ಯ, ಒಂದು ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ. ಗ್ಲಿಮಿಪಿರೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರಲ್ಲಿ ಸಕ್ಕರೆ ಕುಸಿಯುವುದು: ಮಧ್ಯಾಹ್ನ ಸರಿಯಾಗಿ ಊಟ ಮಾಡದಿದ್ದ ದಿನ ಸಂಜೆಗೆ ಬೆವರು, ನಡುಕ, ಸಿಟ್ಟು ಬಂದರೆ ಮಾತಿಗಿಂತ ಮೊದಲು ಗ್ಲುಕೋಮೀಟರ್ ಹಚ್ಚಿ, 70ಕ್ಕಿಂತ ಕಡಿಮೆ ಇದ್ದು ನುಂಗುವ ಸ್ಥಿತಿಯಲ್ಲಿದ್ದರೆ ಮೂರು ಚಮಚ ಸಕ್ಕರೆ ಕದಡಿದ ನೀರು ಕೊಟ್ಟು 15 ನಿಮಿಷದ ನಂತರ ಮತ್ತೆ ನೋಡಿ. ತಲೆಗೆ ಪೆಟ್ಟು: ಎರಡು ಮೂರು ವಾರದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದದ್ದು ಎಲ್ಲರಿಗೂ ಮರೆತೇ ಹೋಗಿರಬಹುದು, ಆದರೆ ಮೆದುಳಿನ ಹೊದಿಕೆಯಡಿ ರಕ್ತ ನಿಧಾನವಾಗಿ ಸೇರುತ್ತಿರಬಹುದು.

ನೋವನ್ನೂ ಮರೆಯಬೇಡಿ. ಮಂಡಿನೋವು, ಹಲ್ಲುನೋವು, ಕಟ್ಟುಹಲ್ಲು ಒತ್ತಿ ಆದ ಹುಣ್ಣು ಇವನ್ನು ಹೇಳಿಕೊಳ್ಳುವ ಮಾತು ಅವರ ಬಳಿ ಉಳಿದಿರುವುದಿಲ್ಲ. ಕೂರಿಸಿ ಎಬ್ಬಿಸುವಾಗ ಮುಖ ಕಿವುಚುತ್ತಾರೆಯೇ, ಒಂದೇ ಕಡೆ ಅಗಿಯುತ್ತಾರೆಯೇ ನೋಡಿ.

ಕೊನೆಗೆ ಮಾತ್ರೆಗಳ ಡಬ್ಬಿ. ಮನೆಯಲ್ಲಿರುವ ಎಲ್ಲ ಮಾತ್ರೆ, ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆ ತಂದದ್ದೂ ಸೇರಿ, ಒಂದು ಚೀಲದಲ್ಲಿ ಹಾಕಿ ವೈದ್ಯರ ಮುಂದೆ ಸುರಿಯಿರಿ. ಶೀತದ ಮಾತ್ರೆಗಳಲ್ಲಿರುವ ಕ್ಲೋರ್‌ಫೆನಿರಮೈನ್, ನಡುಕಕ್ಕೆ ಕೊಡುವ ಟ್ರೈಹೆಕ್ಸಿಫೆನಿಡಿಲ್, ಪದೇಪದೇ ಮೂತ್ರ ಬರುವುದಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನಿದ್ದೆಗೆಂದು ಅಭ್ಯಾಸವಾದ ಆಲ್ಪ್ರಜೋಲಾಮ್, ಇವು ಮರೆವಿರುವವರ ಗಲಿಬಿಲಿಯನ್ನು ಹೆಚ್ಚಿಸಬಲ್ಲವು. ಆಲ್ಪ್ರಜೋಲಾಮ್‌ನಂಥದ್ದನ್ನು ನೀವೇ ದಿಢೀರನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವಿದೆ. ಬಿಡಿಸುವುದಾದರೂ ವೈದ್ಯರು ಹೇಳಿದಂತೆ ಹಂತಹಂತವಾಗಿ.

ಹಂತ 2: ಎರಡು ವಾರದ ಪುಸ್ತಕ

ಒಂದು ನೂರು ಪುಟದ ನೋಟ್‌ಬುಕ್ ಸಾಕು. ದಿನಕ್ಕೆ ಒಂದು ಪುಟ. ಗಲಿಬಿಲಿ ಶುರುವಾದ ಗಂಟೆ, ಅದರ ಹಿಂದಿನ ಅರ್ಧ ಗಂಟೆಯಲ್ಲಿ ಏನಾಯಿತು, ಅವರು ಏನು ಹೇಳಿದರು (ಅವರದೇ ಮಾತಿನಲ್ಲಿ), ನೀವೇನು ಮಾಡಿದಿರಿ, ಎಷ್ಟು ಹೊತ್ತಿಗೆ ತಣ್ಣಗಾಯಿತು. ಕೆಳಗೆ ಅವತ್ತಿನ ಹಗಲು ನಿದ್ದೆ, ಕಾಫಿ, ನೀರು, ಮಲವಿಸರ್ಜನೆ, ಬಂದುಹೋದ ನೆಂಟರು.

ಒಂದು ಪುಟ ಹೀಗಿರಬಹುದು: "6:40. ಹಾಲ್ ಕಿಟಕಿ ಮುಂದೆ ನಿಂತು 'ಆ ಹೆಂಗಸು ಯಾಕೆ ನನ್ನನ್ನೇ ನೋಡ್ತಾಳೆ' ಎಂದು ಬೈದರು. ಹೊರಗೆ ಕತ್ತಲೆ, ಒಳಗೆ ಟ್ಯೂಬ್‌ಲೈಟ್, ಪರದೆ ಎಳೆದಿರಲಿಲ್ಲ. ಪರದೆ ಎಳೆದು ಮಜ್ಜಿಗೆ ಕೊಟ್ಟೆ. 6:55ಕ್ಕೆ ಸುಮ್ಮನಾದರು." ಕತ್ತಲಾದ ಮೇಲೆ ಒಳಗೆ ದೀಪ ಹಾಕಿದರೆ ಕಿಟಕಿಯ ಗಾಜು ಕನ್ನಡಿಯಾಗುತ್ತದೆ. ತನ್ನ ಮುಖ ಮೂವತ್ತು ವರ್ಷದ ಹಿಂದಿನದೆಂದು ನಂಬಿರುವವರಿಗೆ ಅಲ್ಲಿ ಕಾಣುವ ಬಿಳಿಗೂದಲಿನ ಹೆಂಗಸು ಅಪರಿಚಿತೆ. ಇಂಥ ಒಂದು ಸಾಲು ಸಿಕ್ಕರೆ ಬೆರಳೆಣಿಕೆಯ ರೂಪಾಯಿ ಖರ್ಚಿಲ್ಲದೆ ಪರಿಹಾರವೂ ಸಿಗುತ್ತದೆ.

ಹತ್ತು ದಿನ ಬರೆದ ಮೇಲೆ ಓದಿ ನೋಡಿ. ಗಲಿಬಿಲಿ ಶುರುವಾಗುವ ಗಂಟೆ ಹೆಚ್ಚುಕಡಿಮೆ ಸ್ಪಷ್ಟವಾಗುತ್ತದೆ. ಅದಕ್ಕಿಂತ ಒಂದು ಗಂಟೆ ಮೊದಲೇ ನಿಮ್ಮ ಸಂಜೆಯ ಸಿದ್ಧತೆ ಆರಂಭವಾಗಬೇಕು. ಬದಲಾವಣೆಗಳನ್ನು ಒಮ್ಮೆಗೆ ಒಂದರಂತೆ ಮಾಡಿ, ಪ್ರತಿಯೊಂದಕ್ಕೂ ನಾಲ್ಕೈದು ದಿನ ಕೊಡಿ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ಕೆಲಸ ಮಾಡಿತೆಂದು ತಿಳಿಯುವುದಿಲ್ಲ, ಅವರಿಗೂ ಮನೆ ಹೊಸದಾಗಿ ಕಂಡು ಇನ್ನಷ್ಟು ದಿಗಿಲಾಗುತ್ತದೆ.

ಹಂತ 3: ಹಗಲನ್ನು ಕಟ್ಟುವುದು

ಏಳುವ ಹೊತ್ತು ದಿನಾ ಒಂದೇ ಇರಲಿ, ರಾತ್ರಿ ನಿದ್ದೆಗೆಟ್ಟಿದ್ದರೂ. ಬೆಳಿಗ್ಗೆ 7ರಿಂದ 9ರ ಒಳಗೆ 30ರಿಂದ 60 ನಿಮಿಷ ಹೊರಬೆಳಕಿನಲ್ಲಿ ಇರಿಸಿ: ಜಗಲಿ, ಬಾಲ್ಕನಿ, ತಾರಸಿ, ತುಳಸಿಕಟ್ಟೆಯ ಹತ್ತಿರ ಒಂದು ಕುರ್ಚಿ. ಬಿಸಿಲಿಗೆ ಕೂರಿಸಬೇಕಾಗಿಲ್ಲ, ನೆರಳಾದರೂ ಸಾಕು. ಟ್ಯೂಬ್‌ಲೈಟ್ ಇರುವ ಕೋಣೆಯಲ್ಲಿ ಬೆಳಕು 100ರಿಂದ 200 ಲಕ್ಸ್ (ಬೆಳಕಿನ ಅಳತೆ) ಇದ್ದರೆ, ಹೊರಗಿನ ನೆರಳಿನಲ್ಲೂ ಅದು ಸಾವಿರಗಳ ಲೆಕ್ಕದಲ್ಲಿರುತ್ತದೆ. ಕಾಫಿ, ಪೇಪರ್, ಸೊಪ್ಪು ಬಿಡಿಸುವುದು ಎಲ್ಲವನ್ನೂ ಅಲ್ಲಿಗೇ ಸಾಗಿಸಿ. ನಡೆಯಬಲ್ಲವರಾದರೆ 20 ನಿಮಿಷ ನಡೆಸಿ.

ಸ್ನಾನ, ಆಸ್ಪತ್ರೆ, ಬ್ಯಾಂಕು, ಮದುವೆಮನೆ ಇಂಥ ದಣಿಸುವ ಕೆಲಸಗಳೆಲ್ಲ ಮಧ್ಯಾಹ್ನದೊಳಗೆ ಮುಗಿಯಲಿ. ಮದುವೆಯ ರಿಸೆಪ್ಷನ್‌ಗೆ ಸಂಜೆ ಏಳಕ್ಕೆ ಕರೆದೊಯ್ಯುವ ಬದಲು ಬೆಳಗಿನ ಮುಹೂರ್ತಕ್ಕೆ ಕರೆದೊಯ್ಯಿರಿ, ಊಟ ಮುಗಿಸಿ ಹೊರಡಿ. ನೆಂಟರು ನೋಡಲು ಬರುವುದಾದರೆ 10 ಗಂಟೆಗೆ ಬನ್ನಿ ಎಂದು ಹೇಳುವುದರಲ್ಲಿ ಸಂಕೋಚ ಬೇಡ.

ಮಧ್ಯಾಹ್ನದ ನಿದ್ದೆ 30ರಿಂದ 40 ನಿಮಿಷ, ಅದೂ ಎರಡೂವರೆಯೊಳಗೆ. ನಾಲ್ಕರವರೆಗೆ ಮಲಗಿ ಮಬ್ಬು ಬೆಳಕಿಗೆ ಕಣ್ಣು ಬಿಟ್ಟರೆ ಅದು ಬೆಳಗ್ಗೆಯೋ ಸಂಜೆಯೋ ತಿಳಿಯದೆ ಎದ್ದ ಗಳಿಗೆಯಿಂದಲೇ ಗಲಿಬಿಲಿ. ಹೊತ್ತು ಮುಳುಗುವಾಗ ಮಲಗಬಾರದು ಎಂದು ಮನೆಗಳಲ್ಲಿ ಹೇಳಿಕೊಂಡು ಬಂದಿರುವ ಮಾತನ್ನು ಇಲ್ಲಿ ತಪ್ಪದೆ ಪಾಲಿಸಿ.

ನೀರು: ಹೃದಯ, ಮೂತ್ರಪಿಂಡದ ಕಾಯಿಲೆಯಿಂದಾಗಿ ವೈದ್ಯರು ಮಿತಿ ಹಾಕಿಲ್ಲದಿದ್ದರೆ ದಿನಕ್ಕೆ ಆರರಿಂದ ಎಂಟು ಲೋಟ, ಅದರಲ್ಲಿ ಐದಾರು ಲೋಟ ಸಂಜೆ 5ರ ಒಳಗೆ. ಬಾಯಾರಿಕೆ ಅವರಿಗೆ ಗೊತ್ತಾಗುವುದಿಲ್ಲ. 'ನೀರು ಬೇಕಾ' ಎಂದು ಕೇಳಿದರೆ ಬೇಡ ಎನ್ನುತ್ತಾರೆ. ಕೇಳದೆ ಕೈಗೆ ಲೋಟ ಕೊಡಿ. ಮಜ್ಜಿಗೆ, ಎಳನೀರು, ತಿಳಿಸಾರು ಎಲ್ಲ ಲೆಕ್ಕಕ್ಕೆ ಬರುತ್ತದೆ.

ಕಾಫಿಯ ವಿಷಯ ಸೂಕ್ಷ್ಮ. ನಾಲ್ಕು ಗಂಟೆಯ ಕಾಫಿ ತಪ್ಪಿಸಿದರೆ ಅದೇ ಒಂದು ಜಗಳವಾಗುತ್ತದೆ. ಆದರೆ ಕೆಫೀನ್ ಅರ್ಧಕ್ಕೆ ಇಳಿಯಲು ಐದು ಗಂಟೆಯಷ್ಟು ಬೇಕು. ಆದ್ದರಿಂದ ಮಧ್ಯಾಹ್ನ ಒಂದರ ನಂತರ ಗಟ್ಟಿ ಡಿಕಾಕ್ಷನ್ ಬೇಡ. ಸಂಜೆಗೆ ಚಿಕೋರಿ ಹೆಚ್ಚು ಬೆರೆತ ಪುಡಿಯಲ್ಲಿ ತೆಳ್ಳಗೆ, ಅದೇ ಲೋಟದಲ್ಲಿ, ಅದೇ ನೊರೆ ಬರಿಸಿ ಕೊಡಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಕೊತ್ತಂಬರಿ ಜೀರಿಗೆಯ ಕಷಾಯ ರೂಢಿಯಿರುವ ಮನೆಗಳಲ್ಲಿ ತೊಂದರೆಯೇ ಇಲ್ಲ.

ಹಂತ 4: ನಾಲ್ಕೂವರೆಯಿಂದ ಏಳೂವರೆ

ಬೆಂಗಳೂರಿನಲ್ಲಿ ಸೂರ್ಯ ಮುಳುಗುವುದು ನವೆಂಬರ್‌ನಲ್ಲಿ ಸಂಜೆ 5:50ರ ಆಸುಪಾಸು, ಜುಲೈ ಆರಂಭದಲ್ಲಿ 6:50ರ ಆಸುಪಾಸು. ವರ್ಷವಿಡೀ ಒಂದೇ ಗಂಟೆಯ ವ್ಯತ್ಯಾಸ. ಹಾಗಾಗಿ ನಮ್ಮಲ್ಲಿ ಒಂದೇ ವೇಳಾಪಟ್ಟಿ ವರ್ಷಪೂರ್ತಿ ನಡೆಯುತ್ತದೆ, ಮಳೆಗಾಲದ ಮಲೆನಾಡು ಮತ್ತು ಕರಾವಳಿ ಬಿಟ್ಟು. ಅಲ್ಲಿ ಜುಲೈನ ಮೋಡಕ್ಕೆ ಮಧ್ಯಾಹ್ನ ಮೂರಕ್ಕೇ ಮನೆಯೊಳಗೆ ಕತ್ತಲು. ದೀಪವೂ ಆಗಲೇ ಬೇಕು. ಅಪ್ಪ ಅಮ್ಮನನ್ನು ವಿದೇಶಕ್ಕೆ ಕರೆಸಿಕೊಳ್ಳುವವರಿಗೂ ಒಂದು ಮಾತು: ಲಂಡನ್ನಿನಲ್ಲಿ ಡಿಸೆಂಬರ್ ಸೂರ್ಯ ನಾಲ್ಕರ ಒಳಗೆ ಮುಳುಗುತ್ತಾನೆ. ಮರೆವು ಶುರುವಾಗಿರುವವರನ್ನು ಕರೆದೊಯ್ಯುವುದೇ ಆದರೆ ಬೇಸಿಗೆಯಲ್ಲಿ ಕರೆದೊಯ್ಯಿರಿ.

ಬೆಳಕಿನ ಕ್ರಮ ಹೀಗಿರಲಿ. ನಮ್ಮ ಮನೆಗಳಲ್ಲಿ ಸೊಳ್ಳೆ ಬರುತ್ತದೆಂದು ಐದೂವರೆಗೇ ಕಿಟಕಿ ಮುಚ್ಚುತ್ತೇವೆ, ಲೈಟ್ ಹಾಕುವುದು ಆರೂವರೆಗೆ. ನಡುವಿನ ಆ ಒಂದು ಗಂಟೆಯೇ ಎಲ್ಲಕ್ಕಿಂತ ಕೆಟ್ಟದ್ದು. ಕ್ರಮ ತಿರುಗಿಸಿ: 5 ಗಂಟೆಗೆ, ಇನ್ನೂ ಬೆಳಕಿರುವಾಗಲೇ, ಅವರಿರುವ ಕೋಣೆ, ಅಡುಗೆಮನೆ, ಬಚ್ಚಲಿನ ದಾರಿ ಎಲ್ಲ ಕಡೆ ಲೈಟ್ ಹಾಕಿ. ಆಮೇಲೆ ಕಿಟಕಿ ಮುಚ್ಚಿ ಪರದೆ ಎಳೆಯಿರಿ. ಹತ್ತಡಿ ಹನ್ನೆರಡಡಿ ಕೋಣೆಗೆ 20 ವ್ಯಾಟ್‌ನ ಒಂದು ಎಲ್ಇಡಿ ಟ್ಯೂಬ್ ನಮಗೆ ಸಾಕು, ಅವರಿಗೆ ಎರಡು ಬೇಕು, ಎದುರುಬದುರು ಗೋಡೆಗಳಲ್ಲಿ. ಒಂದೇ ಕಡೆಯಿಂದ ಬೆಳಕು ಬಿದ್ದರೆ ಉದ್ದುದ್ದ ನೆರಳು ಮೂಡಿ ಆ ನೆರಳೇ ಹೆದರಿಸುತ್ತದೆ. 8ರ ನಂತರ ಬಿಳಿ ಬೆಳಕು ಆರಿಸಿ ಹಳದಿ ಬಲ್ಬ್ ಮಾತ್ರ.

ಕರೆಂಟು ಹೋಗುವ ಆ ಹತ್ತು ಸೆಕೆಂಡಿನಲ್ಲಿ ಇಡೀ ಸಂಜೆ ಕೆಡಬಹುದು. ಯುಪಿಎಸ್ ಇಲ್ಲದಿದ್ದರೆ ಕರೆಂಟು ಹೋದ ಕೂಡಲೇ ತಾನೇ ಹೊತ್ತಿಕೊಳ್ಳುವ ರೀಚಾರ್ಜಬಲ್ ಎಲ್ಇಡಿ ಬಲ್ಬ್ ಒಂದನ್ನು ಅವರ ಕೋಣೆಗೆ ಹಾಕಿಸಿ.

ಬೀರುವಿನ ಬಾಗಿಲ ಕನ್ನಡಿಗೆ ಸಂಜೆ ಹೊತ್ತು ಒಂದು ಹಳೆ ಪಂಚೆ ಇಳಿಬಿಡಿ. ಹೊಳೆಯುವ ಗ್ರಾನೈಟ್ ನೆಲದ ಮೇಲೆ ಟ್ಯೂಬ್‌ಲೈಟ್ ಪ್ರತಿಫಲಿಸಿದರೆ ಅದು ನೀರು ಚೆಲ್ಲಿದಂತೆ ಕಂಡು ಅವರು ಹೆಜ್ಜೆ ಇಡಲು ಹಿಂಜರಿಯುತ್ತಾರೆ. ದಾರಿಯಲ್ಲಿ ಜಾರದ, ತಿಳಿಬಣ್ಣದ, ಅಂಚು ಏಳದ ಚಾಪೆ ಹಾಸಿ. ಟಿವಿ 5ರಿಂದ 7ರವರೆಗೆ ಬೇಡ. ಧಾರಾವಾಹಿಯ ಅತ್ತೆ ಸೊಸೆ ಜಗಳ, ನ್ಯೂಸ್ ಚಾನೆಲ್‌ನ ಕೂಗಾಟ ಅವರಿಗೆ ಇದೇ ಮನೆಯಲ್ಲಿ ನಡೆಯುತ್ತಿರುವ ಜಗಳ.

4:30ಕ್ಕೆ ಹೊಟ್ಟೆಗೆ ಏನಾದರೂ ಬೀಳಲಿ: ಒಂದು ಸಣ್ಣ ಬಟ್ಟಲು ಅವಲಕ್ಕಿ, ಒಂದು ಇಡ್ಲಿ, ಬಾಳೆಹಣ್ಣು, ರಾಗಿ ಗಂಜಿ. ರಾತ್ರಿ ಊಟ ಏಳರಿಂದ ಏಳೂವರೆಯೊಳಗೆ. ತಿಂಡಿಯಾದ ಕೂಡಲೇ ಒಮ್ಮೆ ಬಚ್ಚಲಿಗೆ ಕರೆದೊಯ್ಯಿರಿ. ಮೂತ್ರಕ್ಕೆ ಅವಸರವಾದಾಗ ಅದನ್ನು ಹೇಳಲಾರದೆ ಮನೆಯಿಡೀ ಓಡಾಡುವವರು ಬಹಳ.

ಈಗ ಮುಖ್ಯವಾದದ್ದು: 5ರಿಂದ 6:30 ಆ ಕೈಗಳಿಗೆ ಕೆಲಸ. ಹಳೆಯ ಸಂಜೆ ಅವರಿಂದ ಏನು ಕೇಳುತ್ತಿತ್ತೋ ಅದರ ಸಣ್ಣದೊಂದು ತುಣುಕನ್ನು ವಾಪಸು ಕೊಡಿ. ಹೂಬತ್ತಿ ಹೊಸೆಯುವುದು, ಬಿಡಿಹೂವನ್ನು ದಾರಕ್ಕೆ ಕಟ್ಟುವುದು, ಅವರೆಕಾಳು ಬಿಡಿಸುವುದು, ಅಕ್ಕಿಯಲ್ಲಿ ಕಲ್ಲು ಆರಿಸುವುದು, ಒಣಗಿದ ಬಟ್ಟೆ ಮಡಚುವುದು. ಲೆಕ್ಕಪತ್ರ ನೋಡುತ್ತಿದ್ದ ಗಂಡಸರಿಗೆ ನಾಣ್ಯ ವಿಂಗಡಿಸುವುದು, ಹಳೆ ರಸೀದಿ ಜೋಡಿಸುವುದು. ತೋಟ ಮಾಡಿದವರಿಗೆ ಅಡಕೆ ಆರಿಸುವುದು, ಗಿಡಕ್ಕೆ ನೀರು ಹಾಕುವುದು. ಅವರೆ ಬಿಡಿಸಲು ಮೊರದಲ್ಲಿ ಕಾಲು ಕೆಜಿ ಮಾತ್ರ ಹಾಕಿ ಕೊಡಿ. ರಾಶಿ ಕಂಡರೆ ಎದೆಗುಂದುತ್ತಾರೆ. ಸಿಪ್ಪೆಯ ಜೊತೆ ಕಾಳೂ ಹೋದರೆ ಹೋಗಲಿ, ಅವರೆದುರು ಮತ್ತೆ ಬಿಡಿಸಲು ಕೂರಬೇಡಿ. ಮಡಚಿದ ಬಟ್ಟೆ ಸೊಟ್ಟಗಿದ್ದರೆ ಹಾಗೇ ಬೀರುವಿಗೆ ಸೇರಲಿ.

ದೀಪ ಹಚ್ಚುವ ರೂಢಿಯಿದ್ದರೆ ಅದನ್ನು ಅವರ ಕೈಯಿಂದಲೇ ಮಾಡಿಸಿ, ಪಕ್ಕದಲ್ಲಿ ನೀವಿರಿ, ಸೆರಗು ಸಿಕ್ಕಿಸಿರಲಿ, ಆಮೇಲೆ ದೀಪವನ್ನು ಎತ್ತರದಲ್ಲಿಡಿ. ಮಗ್ರಿಬ್ ನಮಾಜು, ಜಪಮಾಲೆಯ ಪ್ರಾರ್ಥನೆ, ಸಂಧ್ಯಾವಂದನೆ, ಭಜನೆ, ಯಾವುದು ಬಾಯಿಪಾಠವೋ ಅದು. ಹೆಸರುಗಳೆಲ್ಲ ಅಳಿಸಿಹೋದ ಮೇಲೂ ಸಣ್ಣಂದಿನಲ್ಲಿ ಕಲಿತ ಹಾಡಿನ ಸಾಲು ಉಳಿದಿರುತ್ತದೆ. ನೀವು ಮೊದಲ ಪದ ಎತ್ತಿಕೊಡಿ, ಮುಂದಿನದು ಹಲವು ಸಲ ಅವರಿಂದಲೇ ಬರುತ್ತದೆ.

ಹಂತ 5: ಗಲಿಬಿಲಿ ಶುರುವಾಗಿಯೇ ಬಿಟ್ಟರೆ

ಒಬ್ಬರೇ ಮಾತನಾಡಿ. ಉಳಿದವರು ಬೇರೆ ಕೋಣೆಗೆ ಹೋಗಲಿ. ಹಿಂದಿನಿಂದ ಬಂದು ಮುಟ್ಟಬೇಡಿ. ಮುಂದಿನಿಂದ ಬಂದು, ಎರಡು ಮಾರು ದೂರದಲ್ಲಿ ನಿಂತು, ಅವರು ಕೂತಿದ್ದರೆ ನೀವೂ ಕೂತು, ಕರೆಯುವ ಹೆಸರು ಹಿಡಿದು ಮಾತಾಡಿ. ಒಂದು ವಾಕ್ಯ, ಒಂದೇ ವಿಷಯ. ಆಮೇಲೆ ಮನಸ್ಸಿನಲ್ಲಿ ಹತ್ತು ಎಣಿಸಿ. ಅವರಿಗೆ ಆ ಮಾತು ಇಳಿಯಲು ಅಷ್ಟು ಹೊತ್ತು ಬೇಕು. ಮೂರಕ್ಕೇ ಮತ್ತೆ ಕೇಳಿದರೆ ಎರಡು ಪ್ರಶ್ನೆ ಸೇರಿ ಗೋಜಲಾಗುತ್ತದೆ.

'ಮನೆಗೆ ಹೋಗಬೇಕು' ಎಂದಾಗ ವಾದ ಬೇಡ. ಆಧಾರ್ ಕಾರ್ಡ್ ತೋರಿಸಿ ವಿಳಾಸ ಓದಿಸಿ ಯಾರೂ ಗೆದ್ದಿಲ್ಲ. ಹೀಗೆ ಹೋಗಿ ನೋಡಿ:

"ನಾನು ಮನೆಗೆ ಹೋಗಬೇಕು."
"ಮನೆಗಾ ಅಮ್ಮ? ಮನೇಲಿ ಯಾರಿದ್ದಾರೆ ಈಗ?"
"ದನಕ್ಕೆ ಹುಲ್ಲು ಹಾಕಬೇಕು. ಕತ್ತಲಾಯ್ತು."
"ಹುಲ್ಲು ಹಾಕಾಯ್ತಮ್ಮ. ಕರು ಹಾಲು ಕುಡೀತು. ನಿಮ್ಮ ಹಸುಗೆ ಏನಂತ ಹೆಸರಿಟ್ಟಿದ್ರಿ?"

ಆ ಹಸುವಿನ ಹೆಸರು, ಅದರ ಕೊಂಬು, ಅದು ಒದ್ದದ್ದು ಎಂದು ಮಾತು ಹೊರಳಿದರೆ ಹತ್ತು ನಿಮಿಷದಲ್ಲಿ ಚೀಲ ಕೈಯಿಂದ ಕೆಳಗಿಳಿಯಬಹುದು. ಚೀಲವನ್ನು ನೀವಾಗಿ ಕಿತ್ತುಕೊಳ್ಳಬೇಡಿ. ಇದು ಸುಳ್ಳಲ್ಲವೇ ಎಂದು ಮಕ್ಕಳಿಗೆ ಕಸಿವಿಸಿಯಾಗುವುದು ಸಹಜ. ಆದರೆ ಹಸು ಸತ್ತು ಮೂವತ್ತು ವರ್ಷವಾಯಿತು ಎಂಬ ನಿಜದಿಂದ ಅವರ ಸಂಕಟ ಇಳಿಯುವುದಿಲ್ಲ. ಸತ್ತುಹೋದ ಗಂಡನನ್ನು ಅವರು ಕೇಳಿದಾಗಲಂತೂ 'ಅಪ್ಪ ಹೋಗಿ ಎಂಟು ವರ್ಷ ಆಯ್ತಲ್ಲ' ಎನ್ನಬೇಡಿ. ಪ್ರತಿ ಸಲವೂ ಅದು ಅವರಿಗೆ ಅವತ್ತೇ ಬಂದ ಸಾವಿನ ಸುದ್ದಿ. 'ಅಪ್ಪನ ನೆನಪಾಯ್ತಾ? ಅವರಿಗೆ ಯಾವ ಸಾರು ಇಷ್ಟ?' ಎಂದು ಕೇಳಿ.

ಮಾತಿಗೆ ಬಗ್ಗದಿದ್ದರೆ ಜೊತೆಯಲ್ಲಿ ಹೊರಟುಬಿಡಿ. ಚಪ್ಪಲಿ ಹಾಕಿಸಿ, ಟಾರ್ಚ್ ಹಿಡಿದು ಮನೆ ಸುತ್ತ ಎರಡು ಸುತ್ತು, ಬೀದಿಯ ತುದಿವರೆಗೆ ಒಮ್ಮೆ. ವಾಪಸು ಬಂದು ಮುಂಬಾಗಿಲಲ್ಲಿ "ಬನ್ನಿ ಅಮ್ಮ, ಮನೆ ಬಂತು" ಎನ್ನಿ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಒಡವೆ ಕದ್ದಿದ್ದಾರೆ, ದುಡ್ಡು ಕಾಣೆ ಎಂಬ ಆರೋಪ ಸೊಸೆಯ ಮೇಲೋ ಕೆಲಸದವರ ಮೇಲೋ ಬೀಳುತ್ತದೆ, ಯಾಕೆಂದರೆ ಹತ್ತಿರ ಇರುವವರು ಅವರೇ. 'ನಾನ್ಯಾಕೆ ತಗೊಳ್ಳಲಿ ಅತ್ತೆ' ಎಂದರೆ ಬೆಂಕಿಗೆ ತುಪ್ಪ. 'ಬನ್ನಿ ಅತ್ತೆ, ಹುಡುಕೋಣ' ಎಂದು ಜೊತೆಗೆ ಹುಡುಕಿ. ಅವರು ಬಚ್ಚಿಡುವ ಜಾಗಗಳು ಮೂರೋ ನಾಲ್ಕೋ ಇರುತ್ತವೆ: ದಿಂಬಿನ ಕವರು, ಅಕ್ಕಿ ಡಬ್ಬ, ಸೀರೆಯ ಮಡಿಕೆ. ಮನೆಯ ಉಳಿದವರು ಆ ಆರೋಪವನ್ನು ನಂಬಿ ಸೊಸೆಯ ಮುಖ ನೋಡತೊಡಗಿದರೆ ಆರೈಕೆ ಅಲ್ಲಿಗೆ ನಿಲ್ಲುತ್ತದೆ. ಮಗನಾದವನು ಮೊದಲು ನಿಲ್ಲಬೇಕಾದ್ದು ಹೆಂಡತಿಯ ಬೆನ್ನಿಗೆ.

ಕೈ ಎತ್ತಿದರೆ ಮಣಿಕಟ್ಟು ಹಿಡಿಯಬೇಡಿ. ಒಂದು ಮಾರು ಹಿಂದೆ ಸರಿದು, ಬಾಗಿಲ ದಾರಿ ಬಿಟ್ಟು, ಐದು ನಿಮಿಷ ಕಣ್ಣಳತೆಯಲ್ಲಿ ದೂರ ಇರಿ. ಕತ್ತಿ, ಈಳಿಗೆಮಣೆ, ಕತ್ತರಿ ಸಂಜೆಗೆ ಮೊದಲೇ ಕಣ್ಮರೆಯಾಗಿರಲಿ.

ಮೂರು ತಿಂಗಳು ದೊಡ್ಡ ಮಗನ ಮನೆ, ಮೂರು ತಿಂಗಳು ಚಿಕ್ಕ ಮಗನ ಮನೆ ಎಂದು ಹಂಚಿಕೊಂಡು ತಿರುಗಿಸುವ ಪದ್ಧತಿಯನ್ನು ಡಿಮೆನ್ಷಿಯಾ ಇರುವವರ ವಿಷಯದಲ್ಲಿ ಕೈಬಿಡಿ. ಬಚ್ಚಲು ಯಾವ ಕಡೆ ಎಂಬುದು ಕಾಲಿಗೆ ರೂಢಿಯಾಗುವಷ್ಟರಲ್ಲಿ ಮನೆ ಬದಲಾಗಿರುತ್ತದೆ. ಸರದಿ ಬೇಕಿದ್ದರೆ ಮಕ್ಕಳು ಬಂದು ಇರಲಿ, ಹಿರಿಯರು ಒಂದೇ ಕಡೆ ಇರಲಿ.

ರಾತ್ರಿ ಮತ್ತು ಬಾಗಿಲು

ಮಲಗುವ ಮುನ್ನ ಒಮ್ಮೆ ಬಚ್ಚಲಿಗೆ. ಮೂತ್ರ ಇಳಿಸುವ ಮಾತ್ರೆ ಇದ್ದರೆ ಅದನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ. ಮರೆವಿಗೆ ಕೊಡುವ ಡೊನೆಪೆಜಿಲ್ ಮಾತ್ರೆಯನ್ನು ರಾತ್ರಿ ನುಂಗಿ ಕೆಟ್ಟ ಕನಸು ಬೀಳುತ್ತಿದ್ದರೆ ಅದನ್ನೂ ಹಾಗೆಯೇ. ಕೆಂಪು, ನೀಲಿ ಜೀರೋ ಬಲ್ಬ್ ತೆಗೆದು ಹಳದಿಯದನ್ನು ಹಾಸಿಗೆಯಿಂದ ಬಚ್ಚಲಿನ ದಾರಿಯಲ್ಲಿ ಮೊಣಕಾಲೆತ್ತರಕ್ಕೆ ಹಾಕಿ. ಬಚ್ಚಲ ಬಾಗಿಲು ತೆರೆದೇ ಇರಲಿ, ಒಳಗಿನ ಚಿಲಕ ತೆಗೆಸಿ.

ಮುಂಬಾಗಿಲಿಗೆ ಒಂದು ಸಾಲು ಗೆಜ್ಜೆ ಕಟ್ಟಿ. ತೆರೆದರೆ ಸದ್ದಾಗುತ್ತದೆ, ಬೆಚ್ಚಿಬೀಳಿಸುವ ಸದ್ದಲ್ಲ. ಚಿಲಕವನ್ನು ಕಣ್ಣಿನ ಮಟ್ಟದಿಂದ ತೆಗೆದು ಬಾಗಿಲ ಕೆಳತುದಿಗೆ ಹಾಕಿಸಿದರೆ ಅವರು ಸಾಮಾನ್ಯವಾಗಿ ಅಲ್ಲಿ ಹುಡುಕುವುದಿಲ್ಲ. ಆದರೆ ಒಬ್ಬರನ್ನೇ ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕಿ ಹೋಗುವುದು ಯಾವತ್ತೂ ಕೂಡದು. ಬೆಂಕಿ ಬಿದ್ದರೆ ದಾರಿಯಿಲ್ಲ. ಹೆಸರು, ಎರಡು ಫೋನ್ ನಂಬರ್ ಬರೆದ ತಗಡನ್ನು ಸರಕ್ಕೋ ಉಡಿದಾರಕ್ಕೋ ಕಟ್ಟಿ. ಮೂಲೆ ಅಂಗಡಿ, ಆಟೋ ಸ್ಟ್ಯಾಂಡ್, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಗೆ ಫೋಟೋ ತೋರಿಸಿ ಹೇಳಿಟ್ಟಿರಿ. ಕಾಣೆಯಾದರೆ 15 ನಿಮಿಷ ಮನೆ ಮತ್ತು ಸುತ್ತಮುತ್ತ, ಬಾವಿ, ಕೆರೆ ಕಡೆ ಮೊದಲು, ಹುಡುಕಿ. ಸಿಗದಿದ್ದರೆ ಆಗಲೇ 112ಕ್ಕೆ ಕರೆ ಮಾಡಿ. 24 ಗಂಟೆ ಕಾಯಬೇಕೆಂಬುದು ತಪ್ಪು ನಂಬಿಕೆ.

ನಿದ್ದೆ ಮಾತ್ರೆ ಕೇಳುವ ಮುನ್ನ

ಮನೆಯವರು ಸುಸ್ತಾಗಿ 'ಏನಾದರೂ ಕೊಟ್ಟು ಮಲಗಿಸಿ ಡಾಕ್ಟ್ರೇ' ಎನ್ನುವುದು ಅರ್ಥವಾಗುವಂಥದ್ದೇ. ಆದರೆ ಅಂಥ ಮಾತ್ರೆ ನುಂಗಿದವರು ರಾತ್ರಿ ಎದ್ದು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುತ್ತಾರೆ. ಸಿಟ್ಟು, ಭ್ರಮೆಗೆ ಕೊಡುವ ಆಂಟಿಸೈಕಾಟಿಕ್ ಮಾತ್ರೆಗಳಿಂದ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಸಾವಿನ ಅಪಾಯ ಹೆಚ್ಚುತ್ತದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಅವರಿಗೂ ಇತರರಿಗೂ ಅಪಾಯವಾಗುವಷ್ಟು ಉದ್ರೇಕವಿದ್ದಾಗ ತಜ್ಞರು ಕಡಿಮೆ ಪ್ರಮಾಣದಲ್ಲಿ, ಕೆಲವೇ ವಾರಕ್ಕೆ ಕೊಡುವುದುಂಟು. ಕೊಟ್ಟರೆ ಮೂರು ಕೇಳಿ: ಯಾವ ಲಕ್ಷಣಕ್ಕೆ, ಎಷ್ಟು ದಿನ, ಯಾವಾಗ ನಿಲ್ಲಿಸುವುದು. ಲೆವಿ ಬಾಡಿ ಡಿಮೆನ್ಷಿಯಾ ಇರುವವರಿಗೆ, ಅಂದರೆ ಕೈ ನಡುಕ, ಬಿಗಿತದ ಜೊತೆ ಇಲ್ಲದ ಮನುಷ್ಯರು ಪ್ರಾಣಿಗಳು ಸ್ಪಷ್ಟವಾಗಿ ಕಾಣುವವರಿಗೆ, ಹ್ಯಾಲೊಪೆರಿಡಾಲ್ ಎಂಬ ಆಂಟಿಸೈಕಾಟಿಕ್ ತೀರಾ ಅಪಾಯಕಾರಿ. ಈ ಲಕ್ಷಣಗಳಿದ್ದರೆ ವೈದ್ಯರು ಕೇಳದಿದ್ದರೂ ಹೇಳಿ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಮನೋವೈದ್ಯಕೀಯ ವಿಭಾಗವಿದೆ. ದೂರದ ಊರಿನವರು ಮೊದಲು ತಮ್ಮ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಹಿರಿಯರ ಸಹಾಯವಾಣಿ 14567. ನೋಡಿಕೊಳ್ಳುವವರ ಮನಸ್ಸೇ ಕುಸಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತನಾಡಬಹುದು.

ನೋಡಿಕೊಳ್ಳುವವರ ಸರದಿ

ಬೆಳಿಗ್ಗೆ ಐದಕ್ಕೆ ಎದ್ದು ಅಡುಗೆ, ಆರೈಕೆ ಎಲ್ಲ ಮಾಡಿದವರೇ ಸಂಜೆ ಆರರ ಈ ಹೊತ್ತನ್ನೂ ಎದುರಿಸಬೇಕಾದರೆ ಎಷ್ಟು ಓದಿಕೊಂಡಿದ್ದರೂ ಗದರಿಬಿಡುತ್ತಾರೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಸಂಜೆ 5ರಿಂದ 8 ಅವರ ಪಾಲಿಗೆ. ಇಲ್ಲವಾದರೆ ರಾತ್ರಿ ಅಡುಗೆ ಮಧ್ಯಾಹ್ನವೇ ಮುಗಿಸಿ, ಹಿರಿಯರು ಮಲಗಿದ ಆ 40 ನಿಮಿಷ ನೀವೂ ಬೆನ್ನು ಹಾಸಿಗೆಗೆ ತಾಗಿಸಿ, ಪಾತ್ರೆ ಬಿದ್ದಿರಲಿ. ವಾರಕ್ಕೆ ಎರಡು ಸಂಜೆಗಾದರೂ ತಂಗಿ, ನೆರೆಯವರು, ದುಡ್ಡು ಕೊಟ್ಟು ಕರೆದವರು ಯಾರಾದರೂ ಬಂದು ಕೂರುವ ವ್ಯವಸ್ಥೆ ಮಾಡಿಕೊಳ್ಳಿ.

ಹಾಗೆ ಬಂದವರಿಗೆ ಒಂದು ಹಾಳೆ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ: ಅವರನ್ನು ಏನಂತ ಕರೆಯಬೇಕು, 5ಕ್ಕೆ ಯಾವ ಯಾವ ಲೈಟ್, ತಿಂಡಿ ಎಲ್ಲಿದೆ, ಬಚ್ಚಲಿಗೆ ಎಷ್ಟು ಹೊತ್ತಿಗೆ, ಯಾವ ಹಾಡಿನ ಮೊದಲ ಸಾಲು, ಹಸುವಿನ ಹೆಸರೇನು, ಯಾರ ಸುದ್ದಿ ಎತ್ತಬಾರದು, ನಿಮ್ಮ ನಂಬರ್.